ಹದಿನೇಳನೇ ಕಂಬದ ಗಡುವು

ರೂಟರುಗಳಿಗೆ ಸಾವು ಎಂದರೇನೆಂದು ಗೊತ್ತಿಲ್ಲ, ಗಡುವು ಗೊತ್ತು. ನಮ್ಮ ಕೇಂದ್ರಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲ ದಿನ ಹೇಳಿಕೊಡುವ ಪಾಠ ಇದು. ಪತ್ರಗಳನ್ನು ಮುಂದಕ್ಕೆ ದಾಟಿಸುವ ಈ ಯಂತ್ರಗಳಲ್ಲಿ ಅಕ್ಕಪಕ್ಕದ ಎರಡು ಹತ್ತು ಸೆಕೆಂಡಿಗೊಮ್ಮೆ ಒಂದಕ್ಕೊಂದು ಹಲೋ ಎನ್ನುತ್ತಿರುತ್ತವೆ. ಬೇರೇನೂ ಮಾತಿಲ್ಲ, ನಾನಿದ್ದೇನೆ ಎಂಬುದಷ್ಟೇ. ನಲವತ್ತು ಸೆಕೆಂಡಿನೊಳಗೆ ಒಂದೂ ಹಲೋ ಬರದಿದ್ದರೆ ಪಕ್ಕದವ ಸತ್ತನೆಂದು ಬರೆದುಕೊಂಡು, ಸಾಲಿನಲ್ಲಿರುವ ಎಲ್ಲರಿಗೂ ಸುದ್ದಿ ಮುಟ್ಟಿಸಿ, ಬೇರೆ ದಾರಿ ಹುಡುಕಿಕೊಳ್ಳುತ್ತವೆ. ನಲವತ್ತೊಂದನೇ ಸೆಕೆಂಡಿಗೆ ಪತ್ರಗಳು ಹೊಸ ದಾರಿ ಹಿಡಿದಿರುತ್ತವೆ. ಹನ್ನೊಂದನೇ ದಿನ, ಹದಿಮೂರನೇ ದಿನ ಎಂಬ ರಗಳೆ ಅವುಗಳಲ್ಲಿಲ್ಲ. ಆ ನಲವತ್ತು ಸೆಕೆಂಡಿಗೆ ನಾವು ಗಡುವು ಎನ್ನುತ್ತೇವೆ.

ಎರಡನೇ ಪಾಠ, ಗಡುವು ಎರಡೂ ಕಡೆ ಒಂದೇ ಇರಬೇಕು. ಒಬ್ಬ ನಲವತ್ತು ಇಟ್ಟುಕೊಂಡು ಇನ್ನೊಬ್ಬ ಐವತ್ತು ಇಟ್ಟುಕೊಂಡರೆ ಅವರು ನೆರೆಯವರೇ ಅಲ್ಲ. ಹಲೋ ಕಿವಿಗೆ ಬಿದ್ದರೂ ಕೇಳಿಸದವರಂತೆ ಇದ್ದುಬಿಡುತ್ತಾರೆ. ಕಳ್ಳ ಯಂತ್ರಗಳು ಒಳಗೆ ನುಗ್ಗಬಾರದೆಂದು ಈ ಅಂಕಿಯನ್ನು ಯಾರೂ ಓದಲಾಗದಂತೆ ಮುದ್ರೆ ಒತ್ತಿ ಕಳಿಸುತ್ತೇವೆ. ಹಾಗಾಗಿ ಎರಡೂ ಅಂಕಿ ಹೊಂದಿದವೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ, ಆಚೆಯವ ಎಷ್ಟಿಟ್ಟಿದ್ದಾನೆಂದು ತಿಳಿಯುವುದಿಲ್ಲ. ಹದಿನಾರು ವರ್ಷದಿಂದ ಇದನ್ನು ಗಿಳಿಯ ಹಾಗೆ ಹೇಳಿಕೊಂಡು ಬಂದವಳು ನಾನು, ದೇವಕಿ ನಾಯಕ.

ಉಪಗ್ರಹಗಳು ಒಂದರ ಚೂರು ಇನ್ನೊಂದಕ್ಕೆ ಬಡಿದು ವರ್ಷದೊಳಗೆ ಎಲ್ಲವೂ ಪುಡಿಯಾದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಕಡಲ ತಳದ ಕೇಬಲ್ಲುಗಳು ಸರಕಾರಕ್ಕೂ ದೊಡ್ಡವರಿಗೂ ಮೀಸಲಾದವು. ಉಳಿದವರ ಪಾಲಿಗೆ ಬಂದದ್ದು ಕಂಬದ ಸಾಲು. ಅಂಕೋಲೆಯ ಗುಡ್ಡದಿಂದ ಮಸ್ಕತ್‌ವರೆಗೆ ಹದಿನೈದು ಮೈಲಿಗೊಂದರಂತೆ ಸಮುದ್ರದಲ್ಲಿ ಲಂಗರು ಹಾಕಿ ನಿಲ್ಲಿಸಿದ ತೇಲುವ ಕಂಬಗಳು. ಪ್ರತಿ ಕಂಬಕ್ಕೊಂದು ರೂಟರ್, ಅದನ್ನು ನೋಡಿಕೊಳ್ಳಲು ಒಬ್ಬ ಮನುಷ್ಯ. ಈ ಸಾಲಿನಲ್ಲಿ ಮುಖ ಕಾಣುವುದಿಲ್ಲ, ದನಿ ಹೋಗುವುದಿಲ್ಲ. ಅಕ್ಷರ ಮಾತ್ರ ದಾಟುತ್ತದೆ. ಗಲ್ಫಿನಲ್ಲಿ ಮಕ್ಕಳಿರುವ ಮನೆಗಳಲ್ಲಿ ಜನ ಮತ್ತೆ ಪತ್ರ ಬರೆಯುವುದನ್ನು ಕಲಿತರು, 'ಕ್ಷೇಮ' ಎಂದು ಶುರು ಮಾಡುವುದನ್ನೂ ಕಲಿತರು.

ಹದಿನೇಳನೇ ಕಂಬದಲ್ಲಿದ್ದವನು ನನ್ನ ಗಂಡ ಹಮ್ಮಣ್ಣ. ಮದುವೆಗೆ ಮೊದಲು ಒಂದೇ ಕೋಣೆಯಲ್ಲಿ ಕೆಲಸ ಕಲಿತವರು, ಹಾಗಾಗಿ ಹೆಸರು ಹಿಡಿದು ಕರೆಯುವುದೇ ನನಗೆ ರೂಢಿ. ಅತ್ತೆಯ ಮುಂದೆ ಮಾತ್ರ 'ಇವರು'. ನಾಲ್ಕು ತಿಂಗಳು ಕಂಬದಲ್ಲಿ, ಎರಡು ತಿಂಗಳು ಮನೆಯಲ್ಲಿ. ಹನ್ನೆರಡು ವರ್ಷದ ಸಂಸಾರದಲ್ಲಿ ಒಟ್ಟು ನಾಲ್ಕು ವರ್ಷ ಜೊತೆಗಿದ್ದೇವೆ. ಉಳಿದ ಎಂಟು ವರ್ಷ ನನಗೆ ಅವನೆಂದರೆ ಪರದೆಯ ಮೇಲೆ ನಲವತ್ತರಿಂದ ಮೂವತ್ತಕ್ಕೆ ಇಳಿದು, ಹಲೋ ಬಂದೊಡನೆ ಮತ್ತೆ ನಲವತ್ತಕ್ಕೆ ಹಾರುವ ಒಂದು ಅಂಕಿ. ನಗಬೇಡಿ. ಊಟಕ್ಕೆ ಎದ್ದಾಗಲೂ ಆ ಅಂಕಿ ಮೇಲೆ ಹಾರುವುದನ್ನು ನೋಡಿಯೇ ಏಳುತ್ತಿದ್ದೆ.

ಜೂನ್ ಮೊದಲ ವಾರ ಬಿರುಗಾಳಿ ಬಂತು. ನಮ್ಮ ಕಡೆಯ ಹದಿನೇಳು ಕಂಬದವರನ್ನು ಕರೆತರಲು ದೋಣಿ ಹೋಯಿತು. ಹದಿನಾರನೇ ಕಂಬದವನನ್ನು ಹತ್ತಿಸಿಕೊಂಡ ಮೇಲೆ ಮುಂದೆ ಹೋಗಲು ಕಡಲು ಬಿಡಲಿಲ್ಲ, ದೋಣಿ ಹಿಂದಿರುಗಿತು. ಆ ಬೆಳಿಗ್ಗೆ ಹಮ್ಮಣ್ಣನ ಪತ್ರ ಬಂದಿತ್ತು. "ದೋಣಿ ಬರೂದು ಸಂಶಯ. ಹೆದರ್ಬೇಡ, ಇದೇನ್ ಮೊದಲ್ನೇ ಗಾಳಿಯಲ್ಲ. ಮುರುಗಲ ಸಿಪ್ಪೆ ಒಣಗ್ತಾ? ಮಳೆ ಬರೂಕಿಂತ ಮೊದ್ಲು ಒಳಗೆ ತಕ್ಕಳಿ."

ಮಧ್ಯಾಹ್ನ ಮೂರೂಕಾಲಿಗೆ ಅಂಕಿ ಮೂವತ್ತಕ್ಕೆ ಇಳಿದು ಅಲ್ಲಿಂದ ಮೇಲೇಳಲಿಲ್ಲ. ಇಪ್ಪತ್ತೊಂಬತ್ತಾಯಿತು, ಇಪ್ಪತ್ತಾಯಿತು. ಹದಿನೈದಾದಾಗ ನಾನು ಎದ್ದು ನಿಂತಿದ್ದೆ. ಹದಿನಾರನೇ ಕಂಬದ ರೂಟರ್ ಇನ್ನೂ ನನ್ನ ಕೈಯಲ್ಲಿತ್ತು, ನನ್ನ ಗಂಡ ಸತ್ತನೆಂದು ಬರೆದುಕೊಳ್ಳುವುದು ಅದೇ. ಅದರ ಗಡುವಿನ ಸಾಲನ್ನು ತೆರೆದು, ನಲವತ್ತನ್ನು ಅಳಿಸಿ, ಒಂಬತ್ತರ ಕೀಲಿಯನ್ನು ಒತ್ತುತ್ತಾ ಹೋದೆ. ಯಂತ್ರ ಸಾಕೆನ್ನುವವರೆಗೆ ಒತ್ತಿದೆ. ಆರು ಸೆಕೆಂಡು ಉಳಿದಿರುವಾಗ ಅದು ಒಪ್ಪಿಕೊಂಡಿತು. ಹದಿನೇಳನೇ ಕಂಬ ಪಟ್ಟಿಯಲ್ಲಿ ಹಸಿರಾಗಿಯೇ ಉಳಿಯಿತು.

ತಲೆ ಕೆಟ್ಟು ಮಾಡಿದ್ದಲ್ಲ. ನಮ್ಮ ನಿಯಮದ ಪ್ರಕಾರ ಕಂಬವೊಂದು ಪಟ್ಟಿಯಿಂದ ಬಿದ್ದರೆ, ಒಂದು ಸಲ ದೋಣಿ ಕಳಿಸಿ ನೋಡಿ ಅಲ್ಲಿದ್ದವನ ಕಡತ ಮುಚ್ಚುತ್ತಾರೆ. ಕಾಣೆಯಾದವನೆಂಬ ಕಾಗದ ಮನೆಗೆ ಬರುತ್ತದೆ. ಕಂಬ ಹಸಿರಾಗಿದ್ದಷ್ಟು ದಿನ ಕಡತ ತೆರೆದೇ ಇರುತ್ತದೆ. ಅವನು ಬದುಕಿರುವವರ ಲೆಕ್ಕದಲ್ಲೇ ಇರಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಐದನೇ ದಿನ ಹುಡುಕಲು ಹೋದ ದೋಣಿಗೆ ಲಂಗರಿನ ತೇಲುಗುಂಡು ಸಿಕ್ಕಿತು, ಕಂಬ ಸಿಗಲಿಲ್ಲ. ನಮ್ಮ ಮೇಲಧಿಕಾರಿ ತಾಂಡೇಲ ಸಾಹೇಬರು ಪರದೆಯ ಹಸಿರನ್ನೂ ನನ್ನ ಮುಖವನ್ನೂ ನೋಡಿದರು. "ಪಟ್ಟಿಯಲ್ಲಿ ಏನೋ ದೋಷ ಇರ್ಬೇಕು, ಅಲ್ವಾ ದೇವಕೀ? ಪುರಸೊತ್ತಾದಾಗ ಸರಿ ಮಾಡು," ಎಂದು ಹೊರಟುಹೋದರು. ಒಳ್ಳೆಯ ಮನುಷ್ಯ. ಅಂದು ಗದರಿಸಿದ್ದರೆ ಎಷ್ಟೋ ಒಳ್ಳೆಯದಾಗುತ್ತಿತ್ತು.

ಮನೆಯಲ್ಲಿ ಅತ್ತೆ ಮುರುಗಲ ಹುಳಿಹಣ್ಣಿನ ಸಿಪ್ಪೆಗೆ ಉಪ್ಪು ಬೆರೆಸಿ ಭರಣಿಗೆ ತುಂಬುತ್ತಿದ್ದರು. ಎಪ್ಪತ್ತೆರಡು ವರ್ಷ, ನಾಲಿಗೆ ಮಾತ್ರ ಇಪ್ಪತ್ತೆರಡರದು. ನಾನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದರು, "ಏನಾರೂ ಬಂತನೆ?"

"ಇಲ್ಲ ಅತ್ತೆ. ಕಂಬ ಪಟ್ಟಿಯಲ್ಲಿದೆ."

"ಪಟ್ಟಿಯಲ್ಲಿದ್ರೆ ಅಂವ ಎಲ್ಲಿದ್ದ?"

ನಾನು ಒಳಗೆ ಹೋಗಿ ಕೈಕಾಲು ತೊಳೆಯುತ್ತಿದ್ದೆ. ಅವನ ಅಂಗಿಗಳು ಗೂಟದ ಮೇಲಿದ್ದವು, ಅವುಗಳಲ್ಲಿ ಒಂದನ್ನು ಮುಖಕ್ಕೆ ಒತ್ತಿ ನಿಲ್ಲುತ್ತಿದ್ದೆ. ಸೋಪಿನ ವಾಸನೆ ಮಾತ್ರ ಬರುತ್ತಿತ್ತು; ನಾನೇ ಒಗೆದಿಟ್ಟಿದ್ದೆನಲ್ಲ. ಒಗೆಯದೆ ಒಂದನ್ನಾದರೂ ಇಟ್ಟುಕೊಳ್ಳಬೇಕಿತ್ತು ಎಂದು ಅಳು ಬರುತ್ತಿತ್ತು. ನನಗೆ ಅವನು ಬೇಕಿತ್ತು. ಬಂದು ಜಗಳವಾಡಿದರೂ ಸರಿ, ಬೇಕಿತ್ತು.

ಇನ್ನು ಸೋಮಿ ಅಕ್ಕನ ವಿಷಯ. ನಮ್ಮ ಕೇರಿಗೆ ಮೀನು ತರುವವಳು. ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ, ಆಗ ಒಣ ಮೀನಿನ ಬುಟ್ಟಿ. ಅವಳ ಮಗಳು ಪ್ರಮೀಳಾ ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸು, ತುಂಬಿದ ಬಸುರಿ, ಚೊಚ್ಚಲು. ಸೋಮಿ ಅಕ್ಕನಿಗೆ ಬರೆಯಲು ಬಾರದು. ಬುಟ್ಟಿಯನ್ನು ನಮ್ಮ ಜಗಲಿಯ ಮೇಲಿಟ್ಟು ಅವಳು ಹೇಳುವುದು, ನಾನು ಟೈಪ್ ಮಾಡುವುದು, ಇದು ವರ್ಷಗಳ ರೂಢಿ. ಬಿರುಗಾಳಿಯ ನಂತರ ನಾಲ್ಕು ಪತ್ರ ಹೀಗೆ ಕಳಿಸಿದ್ದೆವು. ಬಿಸಿನೀರು ಕುಡಿ, ಭಾರ ಎತ್ತಬೇಡ, ಗಂಡು ಹೆಣ್ಣು ಯಾವುದಾದರೂ ಸರಿ, ಹೆದರಬೇಡ. ಮಗಳಿಂದಲೂ ಪತ್ರ ಬರುತ್ತಿತ್ತು, ಅವನ್ನು ಅವಳ ಪಕ್ಕದ ಮನೆಯವರು ಓದಿ ಹೇಳುತ್ತಿದ್ದರು.

ಇಪ್ಪತ್ತನೇ ದಿನ ಬೆಳಿಗ್ಗೆ ಸೋಮಿ ಅಕ್ಕ ಬಂದಾಗ ಬುಟ್ಟಿ ಇರಲಿಲ್ಲ. "ತಂಗೀ, ಇದೊಂದ್ ಓದು. ಪಕ್ಕದ ಮನೆಯವ್ರು ಓದಿ ಹೇಳ್ದದ್ದು ನಂಗೆ ಸಮ ಅರ್ಥಾಗ್ಲಿಲ್ಲ," ಎಂದು ಫೋನು ಕೊಟ್ಟಳು.

ಪ್ರಮೀಳಾ ಬರೆದಿದ್ದಳು. "ಅವ್ವಾ, ಇಪ್ಪತ್ತು ದಿನ ಆಯ್ತು, ನಿನ್ನದೊಂದು ಅಕ್ಷರ ಇಲ್ಲ. ನಾನು ಇಲ್ಲೇ ಹೆರಿಗೆ ಮಾಡ್ಸ್ಕಣ್ತೆ ಅಂದದ್ದಕ್ಕೆ ಸಿಟ್ಟಾ? ನೀನು ಇದ್ದೀಯಾ ಇಲ್ವಾ ಅಂತ ಹೆದರಿಕೆ. ನಾಡಿದ್ದು ಅಡ್ಮಿಟ್ ಆಗ್ತೆ. ಅಷ್ಟ್ರೊಳಗೆ ಒಂದೇ ಒಂದು ಮಾತು ಕಳಿಸು."

"ನಾವು ಬರ್ದದ್ದು ಎಲ್ಲೋಯ್ತು ತಂಗಿ? ನೀನೇ ಒತ್ತಿದ್ಯಲ್ಲ," ಎಂದಳು ಸೋಮಿ ಅಕ್ಕ. ಬೈಗುಳದ ದನಿಯಲ್ಲ, ಬರೀ ಕೇಳುವ ದನಿ.

ಎಲ್ಲಿ ಹೋಯಿತೆಂದು ನನಗೆ ಅದೇ ಕ್ಷಣ ತಿಳಿಯಿತು. ಹದಿನಾರನೇ ಕಂಬದಲ್ಲಿ ದಾರಿ ಎರಡಾಗುತ್ತದೆ, ಒಂದು ಹದಿನೇಳರ ಮೂಲಕ ನೇರ, ಇನ್ನೊಂದು ಉತ್ತರದ ಸಾಲಿನಿಂದ. ಎರಡೂ ಸಮ ದೂರ, ಯಾರ ಪತ್ರಕ್ಕೆ ಯಾವ ದಾರಿ ಎಂಬುದನ್ನು ವಿಳಾಸ ನೋಡಿ ರೂಟರೇ ಹಂಚುತ್ತದೆ. ಹದಿನೇಳು ಸತ್ತಿದೆ ಎಂದು ಗೊತ್ತಾಗಿದ್ದರೆ ಎಲ್ಲವನ್ನೂ ಉತ್ತರಕ್ಕೆ ತಿರುಗಿಸುತ್ತಿತ್ತು. ಅದು ಬದುಕಿದೆ ಎಂದು ನಾನು ಹೇಳಿದ್ದೆ. ಅದು ನನ್ನನ್ನು ನಂಬಿ ಅರ್ಧ ಜನರ ಪತ್ರಗಳನ್ನು ಇಪ್ಪತ್ತು ದಿನದಿಂದ ಖಾಲಿ ಸಮುದ್ರಕ್ಕೆ ಸುರಿಯುತ್ತಿತ್ತು. ಆಚೆಯಿಂದ ಬರುವವು ಮಾತ್ರ ಬರುತ್ತಿದ್ದವು, ಆಚೆಯ ಕಂಬದ ಗಡುವಿಗೆ ನಾನು ಕೈ ಹಾಕಿರಲಿಲ್ಲವಲ್ಲ. ಸೋಮಿ ಅಕ್ಕನ ಪತ್ರಗಳನ್ನು ಟೈಪ್ ಮಾಡಿದವಳೂ ನಾನೇ, ನೀರಿಗೆ ಹಾಕಿದವಳೂ ನಾನೇ.

"ಸಂಜೆಯೊಳಗೆ ಮುಟ್ಟಿಸ್ತೆ ಅಕ್ಕ," ಎಂದೆ. ಅವಳು ಹೋದ ಮೇಲೆ ಜಗಲಿಯಲ್ಲೇ ಕುಳಿತೆ.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ನೀ ಏನೋ ಮುಚ್ಚಿಡ್ತಿ. ಇಪ್ಪತ್ತ್ ದಿನದಿಂದ ನೋಡ್ತೆ."

ಹೇಳಿದೆ. ರೂಟರು, ಗಡುವು, ಒಂಬತ್ತರ ಕೀಲಿ, ಎಲ್ಲವನ್ನೂ ಹೇಳಿದೆ. ಅವರಿಗೆ ಎಷ್ಟು ಅರ್ಥವಾಯಿತೋ, ಕೊನೆಗೆ ಒಂದೇ ಪ್ರಶ್ನೆ ಕೇಳಿದರು. "ಅದನ್ನ ಮೊದ್ಲಿನ ಹಂಗೆ ಮಾಡಿದ್ರೆ ಏನಾಗ್ತದೆ?"

"ನಲವತ್ತು ಸೆಕೆಂಡಿಗೆ ಇವರು ಸತ್ತರು ಅಂತ ಬರ್ಕೊಳ್ತದೆ. ಸಂಜೆ ಕಾಗದ ಬರ್ತದೆ."

ಅತ್ತೆ ಕೈಗೆ ಅಂಟಿದ್ದ ಉಪ್ಪನ್ನು ಸೆರಗಿಗೆ ಒರೆಸಿಕೊಂಡರು. "ಹೆತ್ತವಳು ನಾನು. ನಂಗೂ ಅಂವ ಬೇಕು. ಆದ್ರೆ ಅವ್ನ ಹೆಸ್ರಲ್ಲಿ ಇನ್ನೊಬ್ರ ಮಗಳು ಅಳೂದು ಬ್ಯಾಡ. ಹೋಗು, ಮಾಡ್ಬಾ," ಎಂದು ಒಳಗೆ ಹೋದರು. ಭರಣಿಯ ಮುಚ್ಚಳ ಬಿಗಿಯುವ ಸದ್ದು ಕೇಳಿಸಿತು.

ಹನ್ನೊಂದು ಗಂಟೆಗೆ ಕೇಂದ್ರದಲ್ಲಿದ್ದೆ. ತಾಂಡೇಲ ಸಾಹೇಬರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಮಾಡಿದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ನಾನು ಮಾಡ್ಲಾ?" ಎಂದು ಕೇಳಿದರು. ಬೇಡ, ನಾನೇ ಮಾಡುತ್ತೇನೆ ಎಂದೆ.

ಗಡುವಿನ ಸಾಲನ್ನು ತೆರೆದೆ. ಒಂಬತ್ತುಗಳನ್ನು ಒಂದೊಂದಾಗಿ ಅಳಿಸಿದೆ. ನಾಲ್ಕು ಒತ್ತಿದೆ, ಸೊನ್ನೆ ಒತ್ತಿದೆ. ಕೊನೆಯ ಕೀಲಿಯ ಮೇಲೆ ಬೆರಳಿಟ್ಟುಕೊಂಡು, ಹಮ್ಮಣ್ಣಾ, ಹೋಗಿಬಾ ಎಂದು ಮನಸ್ಸಿನಲ್ಲೇ ಹೇಳಿದೆ. ಅವನು ಮನೆಯಿಂದ ಹೊರಡುವಾಗ ನಾನು ಹೇಳುವ ಮಾತೇ ಅದು, ಬೇರೆ ಯಾವುದೂ ನೆನಪಾಗಲಿಲ್ಲ. ಒತ್ತಿದೆ.

ನಲವತ್ತು. ಮೂವತ್ತೊಂಬತ್ತು. ಮೂವತ್ತೆಂಟು. ಕಣ್ಣು ಮುಚ್ಚಬಾರದು, ಕೊನೆಯವರೆಗೂ ನೋಡಬೇಕು ಎಂದುಕೊಂಡಿದ್ದೆ. ಮೂವತ್ತೈದು. ಮೂವತ್ನಾಲ್ಕು. ನಲವತ್ತು.

ಕಣ್ಣು ಮಂಜಾಗಿ ತಪ್ಪು ಓದಿದೆ ಎಂದುಕೊಂಡೆ. ಅಂಕಿ ಮತ್ತೆ ಇಳಿಯಿತು. ಮೂವತ್ತಾರು, ಮೂವತ್ತಮೂರು, ಮೂವತ್ತು. ಮತ್ತೆ ನಲವತ್ತು.

"ದೇವಕೀ," ಎಂದರು ತಾಂಡೇಲ ಸಾಹೇಬರು. "ಯಾರೋ ಹಲೋ ಅಂತಿದಾರೆ."

ಹದಿನಾರರ ನೆರೆಯವರ ಪಟ್ಟಿಯಲ್ಲಿ ಹದಿನೇಳರ ಮುಂದೆ 'ಪೂರ್ಣ' ಎಂಬ ಪದ ಮೂಡಿತು. ಎರಡೂ ಕಡೆಯ ಗಡುವು ಹೊಂದಿದಾಗ, ಇಬ್ಬರೂ ಪರಸ್ಪರ ಒಪ್ಪಿಕೊಂಡಾಗ ಮಾತ್ರ ಬರುವ ಪದ ಅದು.

ಆಗ ನನ್ನ ಎರಡನೇ ಪಾಠ ನನಗೆ ನೆನಪಾಯಿತು. ತಿರಸ್ಕರಿಸಿದ ಹಲೋಗಳ ಲೆಕ್ಕವನ್ನು ತೆರೆದೆ. ಅದು ಪರದೆಯ ಮೇಲೆ ಬರುವುದನ್ನು ಎರಡು ವರ್ಷದ ಹಿಂದೆ ನಾನೇ ನಿಲ್ಲಿಸಿದ್ದೆ. ಮೀನು ದೋಣಿಗಳ ಅಗ್ಗದ ರೇಡಿಯೋ ಸೆಟ್ಟುಗಳು ದಿನವಿಡೀ ಸುಮ್ಮನೆ ಹಲೋ ಎಂದು ಕೂಗಿ ಪರದೆ ತುಂಬಿಸುತ್ತಿದ್ದವು, ಕಿರಿಕಿರಿಯಾಗುತ್ತಿತ್ತು. ಈಗ ಮಳೆಗಾಲ, ಕಡಲಲ್ಲಿ ಒಂದೂ ದೋಣಿಯಿಲ್ಲ. ಆದರೂ ಲೆಕ್ಕದಲ್ಲಿ ಅರವತ್ತೊಂಬತ್ತು ಸಾವಿರದ ಮೇಲಿತ್ತು. ನಿಮಿಷಕ್ಕೆ ಆರರಂತೆ, ಎಂಟು ದಿನದಿಂದ.

ಎಂಟು ದಿನದಿಂದ ನನ್ನ ಗಂಡ ಬಾಗಿಲು ಬಡಿಯುತ್ತಿದ್ದ. ಅವನಿಗಾಗಿ ಕಾಯುತ್ತೇನೆಂದು ನಾನು ಇಟ್ಟ ಗಡುವೇ ಅವನನ್ನು ಹೊರಗೆ ನಿಲ್ಲಿಸಿತ್ತು.

ಅಷ್ಟರಲ್ಲಿ ಪತ್ರಗಳು ಬರತೊಡಗಿದವು. ಬರೆದಿಟ್ಟದ್ದೆಲ್ಲ ಸಾಲಾಗಿ ಬಂತು.

"ದೇವಕೀ, ಜೀವಂತ ಇದ್ದೆ. ಲಂಗರು ಕಡಿದು ಹನ್ನೊಂದ್ ದಿನ ಎಲ್ಲೆಲ್ಲೋ ತೇಲ್ದೆ. ಈಗ ಗಾಳಿ ತಿರುಗಿ ಹದಿನಾರರ ಹಲೋ ಕೇಳೂ ಅಷ್ಟು ಹತ್ತಿರ ಬಂದೆ. ಮಾತಾಡೂ ರೇಡಿಯೋ ಹೋಗಿದೆ, ರೂಟರ್ ಇದೆ. ನಾನು ಹಲೋ ಅಂತೆ, ಅದು ಒಪ್ಪೂದಿಲ್ಲ. ಯಾಕೆ?"

"ಗೊತ್ತಾಯ್ತು. ಗಡುವು ಬದಲ್ಸಿದ್ದೀ. ನೀನೇ ಮಾಡಿದ್ದು, ಬೇರೆ ಯಾರೂ ಈ ಹುಚ್ಚು ಮಾಡೂದಿಲ್ಲ. ಎಷ್ಟಿಟ್ಟಿದ್ದೀ ಮಾರಾಯ್ತಿ? ಒಂದು ತಾಸು ಹಾಕಿ ನೋಡ್ದೆ. ಒಂದು ದಿನ ಹಾಕಿದೆ. ಇಲ್ಲ."

"ಒಂದು ವಾರ, ಒಂದು ತಿಂಗಳು, ಎಲ್ಲ ಆಯ್ತು. ಎಡಗೈಯ ಎರಡು ಬೆರಳು ಸರಪಳಿಗೆ ಸಿಕ್ಕಿ ಜಜ್ಜಿತ್ತು, ಈಗ ಕಪ್ಪಾಗಿದೆ. ಒಂದೇ ಕೈಯಲ್ಲಿ ಒತ್ತೂದು ನಿಧಾನ."

"ಒಂದು ವರ್ಷ ಹಾಕಿದೆ. ನಮ್ಮ ಮದುವೆ ಆಗಿ ಹನ್ನೆರಡು ವರ್ಷ ಅಲ್ದಾ, ಅದನ್ನೂ ಹಾಕಿದೆ. ಮಳೆನೀರು ಹಿಡಿದು ಕುಡಿತೆ, ಅದಕ್ಕೇನ್ ತೊಂದ್ರೆ ಇಲ್ಲ. ಜ್ವರ ಇದೆ."

ಕೊನೆಯದು ಅಂದು ಬೆಳಿಗ್ಗೆಯದು. "ನಿನ್ನೆ ಇಪ್ಪತ್ತು ವರ್ಷ ಹಾಕಿದೆ. ಅಷ್ಟೆಲ್ಲ ಯಾರ್ ಕಾಯ್ತ್ರು ಅಂತ ನಂಗೇ ನಗು ಬಂತು. ಇನ್ನು ಹುಡುಕೂಕೆ ತ್ರಾಣಿಲ್ಲ, ನಲವತ್ತಕ್ಕೇ ತಂದಿಟ್ಟು ಮಲಗಿದ್ದೆ. ಯಾವತ್ತಾದ್ರೂ ನೀನೂ ಅಲ್ಲಿಗೇ ಬರ್ತಿ. ಬಾ."

ಹೆಲಿಕಾಪ್ಟರ್ ಮಧ್ಯಾಹ್ನವೇ ಹೊರಟಿತು. ನಾನು ಕುಳಿತಲ್ಲಿಂದ ಏಳದೆ ಹದಿನೇಳರ ದಾರಿಯನ್ನು ಕೈಯಿಂದಲೇ ಮುಚ್ಚಿ, ಎಲ್ಲರ ಪತ್ರಗಳನ್ನು ಉತ್ತರಕ್ಕೆ ತಿರುಗಿಸಿದೆ. ಸೋಮಿ ಅಕ್ಕನ ನಾಲ್ಕು ಪತ್ರಗಳನ್ನು ನೆನಪಿನಿಂದ ಮತ್ತೆ ಟೈಪ್ ಮಾಡಿದೆ. ಕೊನೆಯಲ್ಲಿ ನನ್ನದೊಂದು ಸಾಲು ಸೇರಿಸಿದೆ, 'ತಪ್ಪು ನಿನ್ನವ್ವನದಲ್ಲ, ನನ್ನದು.' ಮೂರನೇ ದಿನ ಉತ್ತರ ಬಂತು, ಹೆಣ್ಣು ಮಗು, ಇಬ್ಬರೂ ಕ್ಷೇಮ. ಬೇರೆ ಯಾರ್ಯಾರ ಎಷ್ಟು ಪತ್ರಗಳು ನೀರು ಪಾಲಾದವೋ ನನಗೆ ತಿಳಿಯದು. ಅವುಗಳಲ್ಲಿ ಏನಿತ್ತೆಂದು ಈಗಲೂ ಯೋಚಿಸುತ್ತೇನೆ.

ನನ್ನನ್ನು ಮೂರು ತಿಂಗಳು ಕೆಲಸದಿಂದ ಹೊರಗಿಟ್ಟರು. ಕಡಿಮೆಯಾಯಿತೆಂದೇ ನನ್ನ ಅಭಿಪ್ರಾಯ. ಹಮ್ಮಣ್ಣನ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಒಂದು ವಾರ ಮೊದಲು ತಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಸಹಜವಾಗಿ ಹೇಳಿದರು. ಅವರಿಗೆ ವಿಷಯ ಗೊತ್ತಿರಲಿಲ್ಲ. ಹಮ್ಮಣ್ಣ ನನ್ನ ಕಡೆ ನೋಡಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕುಳಿತ.

ಮನೆಗೆ ಬಂದ ದಿನ ಅತ್ತೆ ಭರಣಿ ತೆರೆದು ಕುಡಿಯಲು ಮುರುಗಲ ಕಡಿ ಮಾಡಿದರು. ಅವನು ಎಡಗೈಯ ಮೂರು ಬೆರಳಲ್ಲಿ ಲೋಟ ಹಿಡಿಯುವುದನ್ನು ಕಲಿಯುತ್ತಿದ್ದ, ಅರ್ಧ ಅಂಗಿಯ ಮೇಲೆ ಚೆಲ್ಲಿತ್ತು. ಅಂಗಿ ಒಗೆಯಲು ಕೊಡು ಎಂದು ನಾನು ಕೇಳಲಿಲ್ಲ.

"ಈಗಾದ್ರೂ ಹೇಳೇ," ಎಂದ. "ಎಷ್ಟಿಟ್ಟಿದ್ದೆ?"

ನಾನು ಅನ್ನ ಕಲಸುತ್ತಾ ತಲೆ ತಗ್ಗಿಸಿದೆ. ತಾಂಡೇಲ ಸಾಹೇಬರು ವರದಿಯಲ್ಲಿ ಆ ಅಂಕಿಯನ್ನು ಬರೆದಿರಲಿಲ್ಲ. ಅವರು ಒಳ್ಳೆಯ ಮನುಷ್ಯರೆಂದು ಹೇಳಿದೆನಲ್ಲ.

"ಒಂಬತ್ತು ಒತ್ತಿದೆ," ಎಂದೆ.

"ಎಷ್ಟು ಸಲ?"

"ಒಂಬತ್ತು ಸಲ."

ಅವನು ತುಟಿಯಲ್ಲೇ ಭಾಗಿಸುತ್ತಾ ಹೋದ. ನಿಮಿಷವಾಯಿತು, ತಾಸಾಯಿತು, ದಿನವಾಯಿತು. ಎಡಗೈಯಲ್ಲಿ ಎಣಿಸಲು ಹೋಗಿ, ಬೆರಳು ಸಾಲದೆ ಬಲಗೈಗೆ ಬಂದ. "ಮೂವತ್ತೊಂದು ವರ್ಷ," ಎಂದ ಕೊನೆಗೆ. "ಮೇಲೆ ಎಂಟು ತಿಂಗಳು. ಆಗ ನಂಗೆ ಎಪ್ಪತ್ನಾಕು."

ಅತ್ತೆ ಸೌಟು ಹಿಡಿದು ನಿಂತಿದ್ದರು. ಹಮ್ಮಣ್ಣನ ಕಣ್ಣು ತುಂಬಿತ್ತು, ಅದನ್ನು ಮರೆಮಾಚಲು ಎಂದಿನಂತೆ ಕೀಟಲೆಗೆ ಇಳಿದ. "ಅಷ್ಟಕ್ಕೇ ಯಾಕೆ ನಿಲ್ಸ್‌ದೆ?"

"ಹತ್ತನೇದು ಹಿಡೀಲಿಲ್ಲ," ಎಂದೆ.